ಕೆರೆಯಂಗಳದಲ್ಲಿ ಲೋಹಶೋಧಕ: ನಿಮ್ಮ ಪ್ರಶ್ನೆಗೆ

ಚಿಕ್ಕಬಳ್ಳಾಪುರದ ನಂದಿ ಗ್ರಾಮದ ಆಸುಪಾಸಿನಲ್ಲಿ ಲೋಹಶೋಧಕ ಹಿಡಿದು ಹುಡುಕಬಹುದೇ ಎಂದು ಕೇಳಿದ್ದೀರಿ. ಭೋಗನಂದೀಶ್ವರ ದೇವಾಲಯದ ಕಡೆಯ ಆಸೆಯನ್ನು ಮೊದಲು ಬಿಡಿ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಿತ ಸ್ಮಾರಕ. ಅನುಮತಿಯಿಲ್ಲದೆ ಅಲ್ಲಿ ಅಗೆಯುವಂತಿಲ್ಲ. ಕೆರೆಯಂಗಳ, ಗೋಮಾಳಗಳು ಸರ್ಕಾರದ ಜಮೀನು. ಸರ್ವೆ ನಂಬರ್ ಸಹಿತ ತಹಶೀಲ್ದಾರರಿಗೆ ಅರ್ಜಿ ಕೊಡಿ, ಲಿಖಿತ ಉತ್ತರ ಕೈಗೆ ಬಂದ ಮೇಲೆಯೇ ಹೋಗಿ. ಪಂಚಾಯಿತಿ ಸದಸ್ಯರ ಬಾಯಿಮಾತು ಸಾಲದು. ಹಳೆಯ ನಾಣ್ಯಗಳ ಗಂಟು ಸಿಕ್ಕರೆ ಜೇಬಿಗಿಳಿಸಬೇಡಿ. ಅದಕ್ಕೆಂದೇ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನಾನು ನಮ್ಮ ಹೊಲದಲ್ಲೇ ಲೋಹಶೋಧಕ ಆಡಿಸಿದಾಗ ಸಿಕ್ಕಿದ್ದು ತುಕ್ಕು ಹಿಡಿದ ನೇಗಿಲ ಗುಳ, ಎರಡು ಬಾಟಲಿ ಮುಚ್ಚಳ. ಅಷ್ಟರೊಳಗೆ ಬದುವಿನ ಮೇಲೆ ಹತ್ತು ಜನ ಸೇರಿ, ನಿಧಿ ಎಷ್ಟು ಸಿಕ್ಕಿತು ಎಂದು ಕೇಳುತ್ತಿದ್ದರು.