ಅಪ್ಪನ ಎರಡು ಟೈಮ್ ತೋರಿಸುವ ವಾಚಿಗೆ ಬೇರೆ ಮೆಷಿನ್ ಹಾಕಿಸಬಹುದಾ?

ಹಾಕಿಸಬಹುದು. ಆದರೆ ನೀವು ಹೇಳಿದ ಎನ್‌ಎಚ್34, ಅಂದರೆ ಸೈಕೋದವರ ಎರಡು ಟೈಮಿನ ಮೆಷಿನ್, ಅದರಲ್ಲಿ ಕೂರುವುದಿಲ್ಲ.

ನೀವು ಬರೆದದ್ದು ಇಷ್ಟು: ಅಪ್ಪ ಕುವೈತ್‌ನಿಂದ ತಂದ ಸ್ವಿಸ್ ಆಟೊಮ್ಯಾಟಿಕ್, ಒಳಗಿನ ಮೆಷಿನ್ ಮೇಲೆ ಈಟಿಎ 2893-2 (ಕಂಪನಿ, ಮಾಡೆಲ್) ಎಂದು ಕೊರೆದಿದೆ, ಉಡುಪಿಯ ಅಂಗಡಿಯವರು "ಮೆಷಿನ್ ಹೋಗಿದೆ" ಅಂದರು, ಈಗ ಅಕ್ಕ ದುಬೈಯಲ್ಲಿರುವುದರಿಂದ ಅಲ್ಲಿನ ಟೈಮ್ ಬೇಕು. ನನ್ನದು ಮಂಗಳೂರು. ವಾಚ್ ರಿಪೇರಿ ನನ್ನ ಕಸುಬಲ್ಲ, ಬರೀ ಹುಚ್ಚು. ಅದಕ್ಕೆ ತಕ್ಕ ಹಾಗೆ ಓದಿಕೊಳ್ಳಿ.

ಮೊದಲು ಆ "ಹೋಗಿದೆ" ಅನ್ನುವುದನ್ನೇ ನಂಬಬೇಡಿ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ವಾಚಿನ ಎಣ್ಣೆ ಒಣಗಿರುತ್ತದೆ. ನಮ್ಮ ಕರಾವಳಿಯ ಹವೆಗೆ ಕ್ರೌನಿನ (ಪಕ್ಕದಲ್ಲಿ ತಿರುಗಿಸುವ ಗುಂಡಿಯ) ಕಡ್ಡಿಯೂ ತುಕ್ಕು ಹಿಡಿಯುತ್ತದೆ. ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಓಡಲೂಬಹುದು. ಇನ್ನೊಬ್ಬರಿಗೆ ತೋರಿಸಿ. ನಿಜವಾಗಿ ಹೋಗಿದ್ದರೆ ಇನ್ನೊಂದು 2893-2 ಹುಡುಕಿ, ಇಲ್ಲವೇ ಅದೇ ಅಳತೆಯ ಸೆಲಿಟಾ ಕಂಪನಿಯ ಎಸ್‌ಡಬ್ಲ್ಯು330. ಇವುಗಳ ಅಗಲ 25.6 ಮಿ.ಮೀ., ದಪ್ಪ 4.1. ಎನ್‌ಎಚ್34ರ ಅಗಲ 27.4, ದಪ್ಪ 5.32. ಚಿಕ್ಕ ಮೆಷಿನ್ ಆಗಿದ್ದರೆ ಸುತ್ತ ಬಳೆ ಕೊಟ್ಟು ಕೂರಿಸಬಹುದಿತ್ತು. ದೊಡ್ಡದಕ್ಕೆ ಏನು ಮಾಡುವುದು, ಕೇಸ್ ಕೊರೆಯುವುದಾ? ಡಯಲ್ಲಿನ ಕಾಲುಗಳ ಜಾಗವೂ ಬೇರೆ, ಸೆಕೆಂಡ್ ಮುಳ್ಳಿನ ತೂತೂ ಬೇರೆ.

ಈಗ ಮುಖ್ಯ ವಿಷಯ, ಅರ್ಧ ಗಂಟೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

2893-2 ಇರಲಿ, ಎನ್‌ಎಚ್34 ಇರಲಿ, ಕ್ರೌನ್ ತಿರುಗಿಸಿದರೆ 24 ಗಂಟೆಯ ಮುಳ್ಳು, ಅಂದರೆ ಎರಡನೇ ಟೈಮ್ ತೋರಿಸುವ ಮುಳ್ಳು, ಒಂದೊಂದೇ ಗಂಟೆ ಜಿಗಿಯುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ. ನಮ್ಮಲ್ಲಿ ಬೆಳಿಗ್ಗೆ 9 ಆದಾಗ ದುಬೈಯಲ್ಲಿ 7.30. ಮುಳ್ಳು ಮಾತ್ರ 7ಕ್ಕೆ ನಿಲ್ಲುತ್ತದೆ, ಇಲ್ಲಾ 8ಕ್ಕೆ. ಗಾಜಿನ ಸುತ್ತ ತಿರುಗುವ ಬೆಜೆಲ್ (ಅಂಕಿಯ ಬಳೆ) ಇದ್ದು ಅದಕ್ಕೆ 48 ಕ್ಲಿಕ್ ಇದ್ದರೆ ಅಲ್ಲಿ ಸರಿಮಾಡಬಹುದು. 24 ಕ್ಲಿಕ್ಕಿನದ್ದಾದರೆ ಅದೂ ಇಲ್ಲ.

ಉಪಾಯ ಮುಳ್ಳು ಕೂರಿಸುವಾಗಲೇ ಇದೆ. ಸಾಮಾನ್ಯವಾಗಿ ಮಧ್ಯರಾತ್ರಿ ತಾರೀಕು ಬದಲಾಗುವ ಹೊತ್ತಿಗೆ ಗಂಟೆ, ನಿಮಿಷದ ಮುಳ್ಳು 12ಕ್ಕೆ, 24 ಗಂಟೆಯದ್ದು ಸರಿಯಾಗಿ 24ಕ್ಕೆ ಕೂರಿಸುತ್ತಾರೆ. ನೀವು ಅದನ್ನು 22 ಮತ್ತು 23ರ ನಟ್ಟನಡುವೆ ಕೂರಿಸಲು ಹೇಳಿ. ಅಷ್ಟೇ, ದುಬೈ ಬಂತು. ಮುಳ್ಳು ಅದಕ್ಕಿಂತ ಒಂದು ಗಂಟೆ ಹಿಂದಿನ ಜಾಗದಲ್ಲಿದ್ದರೆ ಕುವೈತ್. ಲಂಡನ್, ನ್ಯೂಯಾರ್ಕ್, ಸಿಂಗಾಪುರ ಎಲ್ಲವೂ ನಮಗೆ ಅರ್ಧದ ಲೆಕ್ಕದಲ್ಲೇ ಇರುವುದರಿಂದ ಅವೂ ಸರಿಯಾಗುತ್ತವೆ. ನೇಪಾಳಕ್ಕೆ ಮಾತ್ರ ಇದು ನಡೆಯುವುದಿಲ್ಲ, ಅವರದ್ದು ನಮಗಿಂತ ಕಾಲು ಗಂಟೆ ಮುಂದೆ.

ನಾನು ಇದನ್ನು ನನ್ನ ವಾಚಿಗೇ ಮಾಡಿದ್ದು. ಭಾವ ದುಬೈಯಲ್ಲಿದ್ದಾರೆ. ನನ್ನದರಲ್ಲಿ 24 ಗಂಟೆಯ ಮುಳ್ಳಿಲ್ಲದ ಎನ್‌ಎಚ್35 ಇತ್ತು, ತೆಗೆದು ಎನ್‌ಎಚ್34 ಹಾಕಿದೆ. ಎರಡರ ಅಗಲವೂ ಒಂದೇ, ಮೆಷಿನ್ ಸಲೀಸಾಗಿ ಕೂತಿತು. ಆಮೇಲೆ ಶುರುವಾಯಿತು ನೋಡಿ. ದಿನಾ ಬೆಳಿಗ್ಗೆ ಎದ್ದು ನೋಡಿದರೆ ವಾಚ್ ಹತ್ತೂವರೆಗೆ ನಿಂತಿರುತ್ತಿತ್ತು. ಅಲ್ಲಾಡಿಸಿದರೆ ಓಡುತ್ತಿತ್ತು, ಮರುದಿನ ಮತ್ತೆ ಹತ್ತೂವರೆ! ಕೀ ಸಾಲುತ್ತಿಲ್ಲ ಅಂದುಕೊಂಡು ಎರಡು ದಿನ ಸುಮ್ನೆ ತಿರುಗಿಸಿದ್ದೇ ತಿರುಗಿಸಿದ್ದು. ಪೂರ್ತಿ ಕೀ ಕೊಟ್ಟರೆ 41 ಗಂಟೆ ಓಡಬೇಕಾದ ಮೆಷಿನ್ ಅದು. ಕೊನೆಗೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಗಂಟೆ ಮುಳ್ಳು ದಿನಕ್ಕೆ ಎರಡು ಸುತ್ತು, 24 ಗಂಟೆಯದ್ದು ಒಂದು ಸುತ್ತು. ಹಾಗಾಗಿ ಎರಡೂ ಒಂದರ ಮೇಲೊಂದು ಬರುವುದು ದಿನಕ್ಕೆ ಒಂದೇ ಸಲ. ದುಬೈಗೆ ಹೊಂದಿಸಿದ ವಾಚಿನಲ್ಲಿ ಅದು ರಾತ್ರಿ 10.30ಕ್ಕೆ. ಲೆನ್ಸ್ ಹಿಡಿದು ಪಕ್ಕದಿಂದ ನೋಡಿದರೆ ಕೆಳಗಿನ ಮುಳ್ಳಿನ ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಕೂರಿಸುವಾಗ ನಾನೇ ಬಗ್ಗಿಸಿದ್ದು. ನೇರಮಾಡಿ ಮತ್ತೆ ಕೂರಿಸಿದೆ, ಸರಿಹೋಯಿತು. ನಿಮ್ಮ ವಾಚ್ ವಾಪಸ್ ಬಂದ ಮೇಲೂ ಕ್ರೌನ್ ಎಳೆದು ಮುಳ್ಳುಗಳನ್ನು ಪೂರ್ತಿ 24 ಗಂಟೆ ನಿಧಾನಕ್ಕೆ ಸುತ್ತಿಸಿ, ಪಕ್ಕದಿಂದ ನೋಡಿ.

ಮಿಯೋಟಾ 9075 ತರಹದ ಮೆಷಿನ್ ಒಳ್ಳೆಯದು ಅಂತ ಯಾರಾದರೂ ಹೇಳಬಹುದು. ಅದರಲ್ಲಿ ಜಿಗಿಯುವುದು ಗಂಟೆ ಮುಳ್ಳು, ವಿಮಾನದಲ್ಲಿ ಓಡಾಡುವವರಿಗೆ ಅನುಕೂಲ. ಆದರೆ ಬಜ್ಪೆಯಲ್ಲಿ ಹತ್ತಿ ದುಬೈಯಲ್ಲಿ ಇಳಿದರೆ ಆ ಅರ್ಧ ಗಂಟೆಗೆ ನಿಮಿಷದ ಮುಳ್ಳನ್ನೂ ತಿರುಗಿಸಲೇಬೇಕು. ಮತ್ತೆ ಅದರ ಲಾಭವೇನು? ನಮಗೆ ಅದು ದಂಡ ಅಂತ ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ವಾಚ್ ಬಿಚ್ಚಿಸಬೇಡಿ. ಜುಲೈಯಲ್ಲಿ ಮುಚ್ಚಿದ ವಾಚಿನೊಳಗೆ ಆ ತೇವವೂ ಸೇರಿಕೊಳ್ಳುತ್ತದೆ. ಹೇಗೂ ಬಿಚ್ಚುವಾಗ ಮುಚ್ಚಳದ ಮತ್ತು ಕ್ರೌನಿನ ರಬ್ಬರ್ ಬಳೆ ಹೊಸದು ಹಾಕಿಸಿ.

ಇನ್ನೊಂದು, ಅರ್ಧ ಗಂಟೆಯ ವಿಷಯ ಚೀಟಿಯಲ್ಲಿ ಬರೆದು ವಾಚಿನ ಜೊತೆಗೇ ಕೊಡಿ. ನಾನು ಸ್ಟ್ರಾಪ್ ಬದಲಿಸಲು ಹಂಪನಕಟ್ಟೆಯ ಹತ್ತಿರ ಕೊಟ್ಟಿದ್ದೆ. ಮುಳ್ಳು ಗೆರೆಗಳ ನಡುವೆ ಇರುವುದು ನೋಡಿ ಆ ಪುಣ್ಯಾತ್ಮರು "ಯಾರೋ ತಪ್ಪು ಕೂರಿಸಿದ್ದಾರೆ ಮಾರಾಯ್ರೆ, ಸರಿ ಮಾಡಿದ್ದೇನೆ, ದುಡ್ಡು ಬೇಡ" ಅಂದರು.