ಔಷಧಿ ತರುವ ಮೊದಲು ನೀರು ಎಲ್ಲಿದೆ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗೆದ್ದಲಿನ ಬಗ್ಗೆಯೇ ಇವೆ. ಮಳೆ ಹಿಡಿಯುವ ಹೊತ್ತಿಗೆ ಪ್ರತಿ ವರ್ಷವೂ ಹೀಗೇ. ಹಳೇ ಮನೆಗಳ ರಿಪೇರಿ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ನಮ್ಮ ಸ್ವಂತ ಮನೆಯಲ್ಲೂ ಗೆದ್ದಲಿನಿಂದ ಕಳೆದುಕೊಂಡದ್ದಿದೆ. ಅದಕ್ಕೇ ಬಣ್ಣ, ಟೈಲ್ಸ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವತ್ತು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಎಂಬತ್ತು ವರ್ಷದ ಮಣ್ಣುಗೋಡೆಯ ಹೆಂಚಿನ ಮನೆ. ದೇವರ ಕೋಣೆಯ ಗೋಡೆಯಲ್ಲಿ ಮಣ್ಣಿನ ಗೆರೆ ಎದ್ದಿದೆ. ಪೊರಕೆಯಲ್ಲಿ ಗುಡಿಸಿ ಸೀಮೆಎಣ್ಣೆ ಹಚ್ಚುತ್ತೇನೆ. ವಾರದೊಳಗೆ ಮತ್ತೆ ಬರುತ್ತದೆ. ಅಟ್ಟದ ತೊಲೆಗೆ ಹತ್ತಿದರೆ ಏನು ಗತಿ ಎಂದು ರಾತ್ರಿ ನಿದ್ದೆ ಬರುವುದಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋಣ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಮನೆ ಕೆಡವುವ ಮಾತು ಬಿಡಿ. ಆರ್‌ಸಿಸಿ ಮನೆಗೂ ಗೆದ್ದಲು ಬರುತ್ತದೆ. ಕಾಂಕ್ರೀಟನ್ನು ಅದು ತಿನ್ನುವುದಿಲ್ಲ ನಿಜ. ಆದರೆ ನೆಲದ ಒಂದು ಸಣ್ಣ ಬಿರುಕು, ಪೈಪು ಹಾದುಹೋದ ಜಾಗದ ಒಂದು ಸಂದು ಸಿಕ್ಕಿದರೆ ಸಾಕು, ಒಳಗೆ ಬಂದು ಬಾಗಿಲ ದಾರಂದಕ್ಕೆ ಬಾಯಿ ಹಾಕುತ್ತದೆ.

ನಿಮ್ಮ ಗೋಡೆಯ ಮೇಲಿನ ಗೆರೆ ಗೆದ್ದಲಿನ ಗೂಡಲ್ಲ, ಅದು ದಾರಿ. ಗೆದ್ದಲಿನ ಮೈ ತುಂಬ ಮೆತ್ತಗೆ. ಬಿಸಿಲು, ಗಾಳಿ ತಾಗಿದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣಿಗೆ ತನ್ನ ಜೊಲ್ಲು ಸೇರಿಸಿ ಮುಚ್ಚಿದ ಓಣಿ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಗೆರೆಯ ಒಂದು ಚೂರು ಮುರಿದು ನೋಡಿ, ಒಳಗೆ ತಣ್ಣಗೆ ತೇವ ಇರುತ್ತದೆ. ನೀವು ಸೀಮೆಎಣ್ಣೆ ಹಚ್ಚಿದಾಗ ಸಾಯುವುದು ಆ ಹೊತ್ತಿಗೆ ದಾರಿಯಲ್ಲಿದ್ದ ಹುಳುಗಳು ಮಾತ್ರ. ಗೂಡು ಇರುವುದು ಮಣ್ಣಿನೊಳಗೆ. ಅಂಗಳದ ಮೂಲೆಯಲ್ಲಿರಬಹುದು, ಹಿತ್ತಿಲ ಅಡಿಕೆ ಸಿಪ್ಪೆಯ ರಾಶಿಯ ಕೆಳಗಿರಬಹುದು. ಅಲ್ಲಿ ರಾಣಿ ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತಿರುತ್ತದೆ. ಮೇಲೆ ನೂರು ಸತ್ತರೆ ಆ ಗೂಡಿಗೆ ಗೊತ್ತೂ ಆಗುವುದಿಲ್ಲ.

ಇದನ್ನು ಬಿಳಿ ಇರುವೆ ಅನ್ನುವವರಿದ್ದಾರೆ. ಇರುವೆಗೂ ಇದಕ್ಕೂ ಸಂಬಂಧ ಇಲ್ಲ, ಇದು ಜಿರಲೆಯ ಹತ್ತಿರದ ನೆಂಟ. ನಮ್ಮ ಕಡೆ ದೊಡ್ಡ ಹುತ್ತ ಕಟ್ಟುವ ಜಾತಿಗಳು ತಾವು ತಿಂದ ಮರ, ಎಲೆಯಿಂದ ಗೂಡಿನೊಳಗೆ ಒಂದು ಬಗೆಯ ಶಿಲೀಂಧ್ರ ಬೆಳೆಸುತ್ತವೆ. ಅದು ಮರವನ್ನು ಕೊಳೆಸಿ ಹದ ಮಾಡಿಕೊಟ್ಟ ಮೇಲೆ ತಿನ್ನುತ್ತವೆ. ಮಳೆ ಬಿದ್ದ ಮೇಲೆ ಹುತ್ತದ ಬಳಿ ಏಳುವ ಅಣಬೆಯನ್ನು ನೀವು ಸಾರು ಮಾಡಿರುತ್ತೀರಲ್ಲ, ಅದು ಈ ತೋಟದ ಬೆಳೆಯೇ.

ಈಗ ನಮ್ಮ ಮನೆಯ ಕಥೆ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಮನೆ. ಬಚ್ಚಲಿಗೆ ತಾಗಿದ ಗೋಡೆಯಲ್ಲಿ ನಿಮ್ಮ ಮನೆಯ ಹಾಗೇ ಗೆರೆ ಬಂತು. ಅಪ್ಪ ಎರಡು ವರ್ಷ ಗುಡಿಸಿದರು, ಟಿಲ್ಲರಿನ ಸುಟ್ಟ ಎಣ್ಣೆ ಹಚ್ಚಿದರು. ಗೆರೆ ಕಾಣದ ಹಾಗಾಯಿತು. ಗೆದ್ದಲು ಹೋಯಿತು ಅಂದುಕೊಂಡೆವು. ಅದು ಗೋಡೆಯ ಒಳಗಿನಿಂದಲೇ ಹತ್ತುತ್ತಿತ್ತು. ಒಂದು ಶ್ರಾವಣದಲ್ಲಿ ಅಟ್ಟದ ಜಂತೆಯೊಂದು ಬಗ್ಗಿತು. ಇಳಿಸಿ ಕೊಯ್ದರೆ ಹೊರಗೆ ಹಪ್ಪಳದಷ್ಟು ದಪ್ಪದ ಮರ, ಒಳಗೆಲ್ಲ ಮಣ್ಣು. ಆ ಜಂತೆಯ ಕೆಳಗೆ ಅಮ್ಮನ ಮರದ ಪೆಟ್ಟಿಗೆ ಇತ್ತು. ಅದರಲ್ಲಿ ಅವರು ಮದುವೆಯಾಗಿ ಬಂದಾಗಿನಿಂದ ಬರೆದಿಟ್ಟ ಹಸೆ ಹಾಡುಗಳ ಮೂರು ಪುಸ್ತಕ. ಮುಚ್ಚಳ ತೆಗೆದಾಗ ರಟ್ಟು ಮಾತ್ರ ಉಳಿದಿತ್ತು. ಜಂತೆ ಹೊಸದು ಹಾಕಿದೆವು. ಹಾಡು ಮತ್ತೆ ಸಿಗಲಿಲ್ಲ. ಅಮ್ಮನಿಗೆ ಬಾಯಿಗೆ ಬಂದ ಏಳೆಂಟನ್ನು ತಂಗಿ ಬರೆದುಕೊಂಡಳು, ಅಷ್ಟೇ.

ಕಾರಣ ಸಿಕ್ಕಿದ್ದು ಆಮೇಲೆ. ಬಚ್ಚಲ ನೀರು ಹೊರಗೆ ಹೋಗುವ ಕಲ್ಲು ಒಂದು ಬೆರಳಿನಷ್ಟು ಜರುಗಿತ್ತು. ದಿನಾ ಹಂಡೆಗಟ್ಟಲೆ ನೀರು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಬೇಸಿಗೆಯಲ್ಲೂ ಅಲ್ಲಿ ಮಣ್ಣು ಹಸಿ. ಗೆದ್ದಲಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಕಲ್ಲು ಸರಿ ಮಾಡಿ, ಬುಡ ಒಣಗಿದ ಮೇಲೆಯೇ ಔಷಧಿ ಹಿಡಿಯಿತು. ಅವತ್ತಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ಕೇಳುವುದು ನೀರಿನ ಬಗ್ಗೆ.

ಹಾಗಾಗಿ ಅಮ್ಮಾ, ಗೆರೆಯನ್ನು ಪೂರ್ತಿ ಗುಡಿಸಬೇಡಿ. ಅದು ಕೆಳಗೆ ಎಲ್ಲಿಂದ ಏಳುತ್ತದೆ, ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಬ್ಯಾಟರಿ ಹಿಡಿದು ನೋಡಿ. ಮಧ್ಯದಲ್ಲಿ ಒಂದು ಬೆರಳುದ್ದ ಮುರಿದು ಎರಡು ಮೂರು ದಿನ ಬಿಡಿ. ಮತ್ತೆ ಮೆತ್ತಿಕೊಂಡರೆ ಓಡಾಟ ಇದೆ ಎಂದು ಅರ್ಥ. ಗೋಡೆಯ ಆಚೆ ಬದಿಗೆ ಏನಿದೆ? ಬಚ್ಚಲಾ, ತುಳಸಿಕಟ್ಟೆಯ ನೀರಾ, ಮುರಿದ ಹೆಂಚಿನಿಂದ ಇಳಿಯುವ ಹನಿಯಾ? ಸೌದೆ, ದರಕು, ಅಡಿಕೆ ದಬ್ಬೆಯ ರಾಶಿ ಗೋಡೆಗೆ ಒರಗಿದ್ದರೆ ಇವತ್ತೇ ದೂರ ಮಾಡಿಸಿ. ಆಮೇಲೆ ಯಾರನ್ನಾದರೂ ಅಟ್ಟಕ್ಕೆ ಹತ್ತಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತೊಲೆಗಳನ್ನು ತಟ್ಟಿಸಿ. ಗೋಡೆಯೊಳಗೆ ಸೇರುವ ತುದಿಗಳನ್ನು ಮರೆಯಬೇಡಿ, ಹತ್ತುವುದು ಅಲ್ಲಿಂದಲೇ. ಡಬ್ಬದ ಹಾಗೆ ಟೊಳ್ಳು ಸದ್ದು ಬಂದ ಕಡೆ ಚೂಪು ತುದಿಯಿಂದ ಚುಚ್ಚಿ. ಗಟ್ಟಿ ಚೇಗಿನ, ಅಂದರೆ ಒಳತಿರುಳಿನ ಮರವಾದರೆ ಇಳಿಯುವುದಿಲ್ಲ. ನಿಮ್ಮ ಕಾಲದ ಮನೆಗಳಲ್ಲಿ ತೊಲೆಗೆ ಒಳ್ಳೆಯ ಮರ ಹಾಕಿರುತ್ತಾರೆ, ಧೈರ್ಯವಾಗಿರಿ. ತೇಗ, ಬೀಟೆಯ ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಅದೇ ತೇಗದ ಹೊರಗಿನ ಬಿಳಿ ಭಾಗವನ್ನು ಮಾತ್ರ ಬಿಡುವುದಿಲ್ಲ.

ಔಷಧಿಯನ್ನು ಪರವಾನಗಿ ಇರುವವರಿಂದಲೇ ಹಾಕಿಸಿ. ಸಿಮೆಂಟು ನೆಲವಾದರೆ ನೆಲ-ಗೋಡೆ ಸೇರುವ ಮೂಲೆಯಲ್ಲಿ ಅಡಿಗೊಂದರಂತೆ ತೂತು ಕೊರೆದು, ಒಂದೊಂದಕ್ಕೂ ಲೀಟರಿನವರೆಗೆ ಔಷಧಿ ನೀರು ಕುಡಿಸುತ್ತಾರೆ. ನಿಮ್ಮದು ಮಣ್ಣುಗೋಡೆ. ಗೋಡೆಯೊಳಗೇ ನೀರು ತುಂಬಿಸಲು ಬಿಡಬೇಡಿ, ಗೋಡೆ ಕೂರುತ್ತದೆ. ಹೊರಗಿನಿಂದ ಬುಡದುದ್ದಕ್ಕೂ ಸಣ್ಣ ಚರಂಡಿ ತೆಗೆದು ಆ ಮಣ್ಣಿಗೆ ಹಾಕಿಸಿ. ಅದೂ ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ. ಈಗ ಹಾಕಿಸಿದರೆ ತೊಳೆದು ಹೋಗುತ್ತದೆ. ಎಲ್ಲಿಗೆ? ನಿಮ್ಮ ಬಾವಿಗೆ. ಬಾವಿ ಮನೆಗೆ ಹತ್ತಿರ ಇದ್ದರೆ ಆ ಬದಿಗೆ ಔಷಧಿಯೇ ಬೇಡ. ಅಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಂಡು, ಹತ್ತಿದ ಮರವನ್ನು ಬದಲಿಸಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಕೊಟ್ಟಿಗೆಯ ಅಟ್ಟದಲ್ಲಿ ಹಳೇ ಗ್ಯಾಮಕ್ಸಿನ್ ಪುಡಿಯೋ ಆಲ್ಡ್ರಿನ್ನೋ ಉಳಿದಿದ್ದರೆ ಅದನ್ನು ತಂದು ಸುರಿಯಬೇಡಿ. ಅವು ನಿಷೇಧವಾಗಿ ವರ್ಷಗಳಾದವು. ಮಣ್ಣಿನಲ್ಲಿ ಬಹುಕಾಲ ಹಾಗೇ ಉಳಿದು, ಹಾಲಿನವರೆಗೂ ಬರುವ ವಿಷ ಅದು.

ಪ್ರಶ್ನೆ: ನಾವು ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ. ಮಣ್ಣಿನ ಗೆರೆ ಎಲ್ಲೂ ಇಲ್ಲ. ಆದರೆ ಅಜ್ಜನ ಕಾಲದ ಮಂಚದ ಕೆಳಗೆ ದಿನಾ ರವೆಯಂಥ ಕಾಳು ಉದುರುತ್ತದೆ. ಗೆದ್ದಲು ಇಷ್ಟು ಮೇಲೆ ಬರುತ್ತದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬರುತ್ತದೆ. ಹತ್ತಿ ಬರುವುದಲ್ಲ, ಮರದೊಳಗೇ ಕುಳಿತು ಬರುತ್ತದೆ. ಇದು ಒಣಮರದ ಗೆದ್ದಲು ಇರಬಹುದು. ಇದಕ್ಕೆ ಮಣ್ಣು ಬೇಡ, ಗೆರೆ ಬೇಡ. ಮರದಲ್ಲಿರುವ ಅಷ್ಟಿಷ್ಟು ತೇವವೇ ಸಾಕು. ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ?

ಒಂದು ಕರಿ ಕಾಗದದ ಮೇಲೆ ಆ ಕಾಳು ಉದುರಿಸಿಕೊಂಡು ಭೂತಗನ್ನಡಿಯಲ್ಲಿ ನೋಡಿ. ಒಂದು ಮಿಲಿಮೀಟರಿನಷ್ಟು ಉದ್ದ, ಆರು ಮೂಲೆಯ ಕಾಳಾಗಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಕಾಳಿಲ್ಲದೆ ಪೌಡರಿನ ಹಾಗೆ ನುಣ್ಣಗಿದ್ದು, ಮರದಲ್ಲಿ ಗುಂಡು ತೂತುಗಳಿದ್ದರೆ ಅದು ಕುಟ್ಟೆ, ಬೇರೆ ಹುಳು. ಎರಡಕ್ಕೂ ನೆಲದ ಮೂಲೆಗೆ ಔಷಧಿ ಕುಡಿಸಿ ಪ್ರಯೋಜನವಿಲ್ಲ. ಇಂಥದ್ದೇ ಮಂಚಕ್ಕೆ ಇಡೀ ಫ್ಲ್ಯಾಟಿನ ನೆಲ ಕೊರೆದು ದುಡ್ಡು ತೆಗೆದುಕೊಂಡು ಹೋದವರನ್ನು ನೋಡಿದ್ದೇನೆ. ನಿಮಗೆ ಹಾಗಾಗಬಾರದು. ಮಂಚದ ಹತ್ತಿದ ಭಾಗವನ್ನಷ್ಟೇ ಆಚಾರಿಯ ಕೈಯಲ್ಲಿ ಬಿಡಿಸಿ. ತೂತುಗಳಿಗೆ ಸಿರಿಂಜಿನಲ್ಲಿ ಮರದ ಔಷಧಿ ಬಿಡಿಸಿ. ಪಾಲಿಶ್ ಇಲ್ಲದ ಅಡಿಭಾಗಕ್ಕೆ ಬೋರಾಕ್ಸ್ ದ್ರಾವಣ ಹಚ್ಚಿಸಿ. ಅದು ನೀರಿಗೆ ಕರಗುವ ವಸ್ತು, ಒಳಗಿನ ಮರಕ್ಕೆ ಸರಿ, ಮಳೆ ಬೀಳುವ ಕಿಟಕಿಗೆ ನಿಲ್ಲುವುದಿಲ್ಲ. ಅಂಥ ಹೊರಗಿನ ಮರಕ್ಕೆ ನಿಮ್ಮ ಕಡೆಯವರು ಹಿಂದಿನಿಂದ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುತ್ತಿದ್ದರು. ಒಳ್ಳೆಯ ಪದ್ಧತಿ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಪ್ರಶ್ನೆ: 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಗುತ್ತಿಗೆದಾರರು ಗೆದ್ದಲು ಔಷಧಿ ಹೊಡೆಸಿದ್ದೇವೆ ಎಂದು ಬಿಲ್ಲು ಕೊಟ್ಟಿದ್ದಾರೆ. ಒಬ್ಬ ಹುಡುಗ ಬಂದು ಬೆನ್ನಿಗೆ ಪಂಪು ಹಾಕಿಕೊಂಡು ಅರ್ಧ ಗಂಟೆ ಸಿಂಪಡಿಸಿ ಹೋದ. ಅಷ್ಟು ಸಾಕಾ?
– ಓದುಗರೊಬ್ಬರು, ತುಮಕೂರು

ಉತ್ತರ: ಸಾಲದು ಸರ್. ಲೆಕ್ಕ ಹಾಕೋಣ. ಇದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕ ಇದೆ. ಪ್ಲಿಂತ್, ಅಂದರೆ ಪಾಯದ ಮೇಲಿನ ನೆಲಗಟ್ಟು, ಮಣ್ಣು ತುಂಬಿಸಿ ಹದ ಮಾಡಿದ ಮೇಲೆ, ಕಾಂಕ್ರೀಟ್ ಹಾಕುವ ಮೊದಲು, ಚದರ ಮೀಟರಿಗೆ 5 ಲೀಟರ್ ಔಷಧಿ ನೀರು ಇಳಿಯಬೇಕು ಅನ್ನುತ್ತದೆ ಅದು. ಸೈಟಿನಷ್ಟೂ ಪ್ಲಿಂತ್ ಎಂದೇ ಇಟ್ಟುಕೊಂಡರೆ 1200 ಚದರಡಿ, ಅಂದರೆ ಸುಮಾರು 111 ಚದರ ಮೀಟರ್. 550 ಲೀಟರಿಗೂ ಜಾಸ್ತಿ ಬೇಕು. ಬೆನ್ನಿನ ಪಂಪಿಗೆ ಹಿಡಿಯುವುದು 16 ಲೀಟರ್. ಮೂವತ್ತನಾಲ್ಕು ಮೂವತ್ತೈದು ಸಲ ತುಂಬಿಸಬೇಕಿತ್ತು. ಸುತ್ತ ಜಾಗ ಬಿಟ್ಟಿರುತ್ತೀರಿ, ಸ್ವಲ್ಪ ಕಡಿಮೆ ಆಗಲಿ. ಆದರೂ ಅರ್ಧ ಗಂಟೆಯಲ್ಲಿ ಆಗುವ ಕೆಲಸವಾ ಇದು? ಪಾಯದ ಗುಂಡಿಯ ತಳ, ಬದಿಗಳಿಗೆ ಬೇಕಾದದ್ದು ಬೇರೆ.

ಇನ್ನೂ ಕಾಂಕ್ರೀಟ್ ಬಿದ್ದಿಲ್ಲದಿದ್ದರೆ ನಿಲ್ಲಿಸಿ, ನಿಮ್ಮ ಕಣ್ಣೆದುರಿಗೇ ಮತ್ತೆ ಮಾಡಿಸಿ. ಸೀಲು ಒಡೆಯದ ಡಬ್ಬಿ ತೋರಿಸಿ ಎನ್ನಿ. ಡಬ್ಬಿ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಲಿ. ಇಮಿಡಾಕ್ಲೋಪ್ರಿಡ್ ಥರದ ಔಷಧಿ ಇರುವುದು ಗೆದ್ದಲಿಗೆ ಗೊತ್ತಾಗುವುದಿಲ್ಲ. ಮೈಗೆ ತಾಗಿಸಿಕೊಂಡು ಗೂಡಿನವರಿಗೂ ಹಂಚುತ್ತದೆ. ಅದಕ್ಕೇ ಅದರ ಮೇಲೆ ಬೇರೆ ಘಾಟು ಸ್ಪ್ರೇ ಹೊಡೆಯಬೇಡಿ, ಗೆದ್ದಲು ದಾರಿ ಬದಲಿಸಿಬಿಡುತ್ತದೆ. ಔಷಧಿ ಹಾಕಿದ ಮಣ್ಣನ್ನು ಆಮೇಲೆ ಯಾರೂ ಅಗೆಯಬಾರದು. ಪೈಪಿಗೆಂದು ಪ್ಲಂಬರ್ ಅಗೆದರೆ ಅಷ್ಟು ಜಾಗಕ್ಕೆ ಮತ್ತೆ ಹಾಕಿಸಬೇಕು.

ಮುಖ್ಯವಾದದ್ದು ಇನ್ನೊಂದಿದೆ. ಸೆಂಟ್ರಿಂಗ್ ಹಲಗೆಯ ತುಂಡು, ಗೂಟ, ಸಿಮೆಂಟಿನ ಕಾಗದದ ಚೀಲ ಪ್ಲಿಂತಿನ ಮಣ್ಣಿನಲ್ಲಿ ಹೂತು ಹೋಗಿಲ್ಲವಾ ನೋಡಿ. ಹೊಸ ಮನೆಯ ನೆಲ ಒಡೆಸಿದಾಗ ನಾನು ಎಷ್ಟೋ ಕಡೆ ಇದನ್ನೇ ಕಂಡಿದ್ದೇನೆ. ನಾವೇ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ ಅದು.

ಪ್ರಶ್ನೆ: ಮೊದಲ ಮಳೆಗೆ ಮನೆ ತುಂಬ ರೆಕ್ಕೆಯ ಹುಳ ಬಂದವು. ನಮ್ಮ ಅಜ್ಜಿ ಈಸಲು ಹುಳ ಅನ್ನುತ್ತಾರೆ. ಮನೆಗೆ ಗೆದ್ದಲು ಹಿಡಿಯಿತು ಎಂದು ಅರ್ಥವಾ? ಹಿತ್ತಿಲಲ್ಲಿ ಹುತ್ತವೂ ಇದೆ. ನಾಗರಪಂಚಮಿಗೆ ಹಾಲೆರೆಯುವ ಹುತ್ತ, ಕೆಡವಲು ಮನಸ್ಸಿಲ್ಲ.
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಅಜ್ಜಿ ಹೇಳಿದ್ದು ಸರಿ. ಅವು ಹೊಸ ಗೂಡು ಕಟ್ಟಲು ಹೊರಟ ಗೆದ್ದಲುಗಳೇ. ಹೊರಗಿನಿಂದ ದೀಪಕ್ಕೆ ಬಂದಿದ್ದರೆ ಭಯ ಬೇಡ, ಮುಕ್ಕಾಲು ಪಾಲು ಹಲ್ಲಿ, ಕಪ್ಪೆ, ಹಕ್ಕಿಗಳ ಪಾಲಾಗುತ್ತವೆ. ಸಂಜೆ ಒಂದು ಗಂಟೆ ಹೊರಗಿನ ದೀಪ ಆರಿಸಿದರೆ ಬರುವುದೇ ಇಲ್ಲ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ದಾರಂದದ ಸಂದಿನಿಂದ ಎದ್ದಿದ್ದರೆ ಗೂಡು ಮನೆಯ ಅಡಿಯಲ್ಲೇ ಇದೆ. ಬೆಳಗ್ಗೆ ರೆಕ್ಕೆಗಳು ಎಲ್ಲಿ ರಾಶಿ ಬಿದ್ದಿವೆ ನೋಡಿ, ಜಾಗ ಗೊತ್ತಾಗುತ್ತದೆ. ನಾಲ್ಕೂ ರೆಕ್ಕೆ ಒಂದೇ ಅಳತೆ ಇದ್ದರೆ ಗೆದ್ದಲು. ಹಿಂದಿನ ಜೋಡಿ ಚಿಕ್ಕದಾಗಿದ್ದರೆ ಅವು ಇರುವೆ.

ಹುತ್ತವನ್ನು ಕೆಡವಬೇಡಿ. ಮೇಲಿನ ಮಣ್ಣು ಕೆಡವಿದರೆ ರಾಣಿ ಸಾಯುವುದಿಲ್ಲ, ಒಳಗೆ ಹಾವಿದ್ದರೆ ನಿಮಗೇ ಅಪಾಯ. ಒಣಗಿ ಬಿದ್ದ ಎಲೆ, ಕಡ್ಡಿಯನ್ನು ಮತ್ತೆ ಮಣ್ಣು ಮಾಡುವುದು ಅದೇ ಹುಳು. ಹುತ್ತದಿಂದ ಮನೆಯವರೆಗಿನ ನೆಲದಲ್ಲಿ ಸೌದೆ, ಹಲಗೆ ಬಿಡಬೇಡಿ. ಗೋಡೆಯ ಸುತ್ತ ಎರಡಡಿ ಜಾಗ ಕಸವಿಲ್ಲದೆ ಒಣಗಿರಲಿ, ಮಾಡಿನ ನೀರು ದೂರ ಹೋಗಲಿ. ತಿಂಗಳಿಗೊಮ್ಮೆ ಬುಡವನ್ನು ಸುತ್ತಿ ನೋಡಿ. ಪಂಚಮಿಗೆ ಹಾಲೆರೆಯಲು ಹೋದಾಗಲೂ ವಾಪಸ್ ಬರುವ ದಾರಿಯಲ್ಲಿ ಒಮ್ಮೆ ನೋಡಿಕೊಂಡು ಬನ್ನಿ.