ಪೈಥಾನ್‌ನಿಂದ ಐಪಿಟೇಬಲ್ಸ್ ರೂಲ್‌ಗಳನ್ನು ನಡೆಸಲು ಯಾವ ದಾರಿ ಒಳ್ಳೆಯದು?

300 ಐಪಿಗಳ ಪಟ್ಟಿ, ಆಗಾಗ ಬದಲಾಗುತ್ತದೆ, ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಒಂದೊಂದಕ್ಕೂ ಒಂದು ರೂಲ್ ಹಾಕಬೇಕು, ಪೈಥಾನ್‌ನಿಂದ ಕಮಾಂಡ್ ಓಡಿಸುವ ಸಬ್‌ಪ್ರೊಸೆಸ್ ಒಳ್ಳೆಯದಾ ಪೈಥಾನ್-ಐಪಿಟೇಬಲ್ಸ್ ಲೈಬ್ರರಿ ಒಳ್ಳೆಯದಾ ಅಂತ ಕೇಳಿದ್ದೀರಿ. ಎರಡೂ ಬೇಡ. ನೀವು ಬರೆಯಲು ಹೊರಟಿರುವ ಸ್ಕ್ರಿಪ್ಟನ್ನೇ ನಾನು ಬರೆದು ಕೈ ಸುಟ್ಟುಕೊಂಡವನು.

ನಮ್ಮದು ಔಷಧಿ ಅಂಗಡಿಗಳಿಂದ ಆರ್ಡರ್ ತೆಗೆದುಕೊಳ್ಳುವ ಸರ್ವರ್. ಗೊತ್ತಿರುವ ಐಪಿಗಳನ್ನಷ್ಟೇ ಒಳಗೆ ಬಿಡಬೇಕಿತ್ತು. ನನ್ನ ಸ್ಕ್ರಿಪ್ಟ್ ಮೊದಲು ‘ಐಪಿಟೇಬಲ್ಸ್ -ಎಫ್’ ಓಡಿಸಿ ಇದ್ದ ರೂಲ್‌ಗಳನ್ನೆಲ್ಲ ಅಳಿಸುತ್ತಿತ್ತು. ಆಮೇಲೆ ಪಟ್ಟಿಯ ಪ್ರತಿ ಸಾಲಿಗೂ ಒಂದು ಅಕ್ಸೆಪ್ಟ್ (ಒಳಗೆ ಬಿಡು) ರೂಲ್. ಆಮೇಲೆ ಲೂಪ್‌ಬ್ಯಾಕ್ (ಸರ್ವರ್ ತನ್ನೊಳಗೇ ಮಾತಾಡುವುದು), ಎಸ್ಟಾಬ್ಲಿಷ್ಡ್ (ಆಗಲೇ ಶುರುವಾಗಿರುವ) ಕನೆಕ್ಷನ್, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್, ಇವಕ್ಕೆ ರೂಲ್. ಕಟ್ಟಕಡೆಗೆ ಇನ್‌ಪುಟ್ ಚೈನಿನ (ಒಳಬರುವ ಪ್ಯಾಕೆಟ್‌ಗಳ ರೂಲ್ ಪಟ್ಟಿಯ) ಪಾಲಿಸಿ, ಅಂದರೆ ಯಾವ ರೂಲಿಗೂ ಸಿಗದ ಪ್ಯಾಕೆಟ್ಟನ್ನು ಏನು ಮಾಡಬೇಕು ಅನ್ನುವುದು, ಡ್ರಾಪ್ (ಬಿಸಾಡು), ನಂತರ ಡಿಸ್ಕಿಗೆ ಸೇವ್. ಮೊದಲ ಸಲ ಸಲೀಸಾಗಿ ಓಡಿತು. ಸ್ವಲ್ಪ ದಿನದ ಮೇಲೆ ಹೊಸ ಅಂಗಡಿಯೊಂದರ ಐಪಿ ಸೇರಿಸಿ ಮತ್ತೆ ಓಡಿಸಿದೆ. ಟರ್ಮಿನಲ್ ಅಲ್ಲೇ ನಿಂತಿತು. ಎಂಟರ್ ಒತ್ತಿದರೂ ಕರ್ಸರ್ ಅಲುಗಾಡಲಿಲ್ಲ.

ಆಗಿದ್ದೇನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಒಂದೇ ಸಲ ಓಡಿಸಿ ಟೆಸ್ಟ್ ಮಾಡಿದರೆ ಇದು ಸಿಗುವುದಿಲ್ಲ. -ಎಫ್ ರೂಲ್‌ಗಳನ್ನು ಅಳಿಸುತ್ತದೆ, ಪಾಲಿಸಿಯನ್ನು ಮುಟ್ಟುವುದಿಲ್ಲ. ಮೊದಲ ಸಲ ಓಡಿಸಿದಾಗ ಪಾಲಿಸಿ ಅಕ್ಸೆಪ್ಟ್ ಇತ್ತು, ಹಾಗಾಗಿ ರೂಲ್ ಒಂದೂ ಇಲ್ಲದ ಆ ಕ್ಷಣದಲ್ಲೂ ಬಾಗಿಲು ತೆರೆದೇ ಇತ್ತು. ಎರಡನೇ ಸಲಕ್ಕೆ ಪಾಲಿಸಿ ಆಗಲೇ ಡ್ರಾಪ್ ಆಗಿತ್ತು. ಈಗ -ಎಫ್ ಓಡಿದ ತಕ್ಷಣ ಎಲ್ಲರಿಗೂ ಬಾಗಿಲು ಬಂದ್, ನನಗೂ ಸೇರಿ.

ಅಷ್ಟಾದರೂ ಸ್ಕ್ರಿಪ್ಟ್ ಕೊನೆವರೆಗೆ ಓಡಿದ್ದರೆ ಮತ್ತೆ ತೆರೆದುಕೊಳ್ಳುತ್ತಿತ್ತು. ಓಡಲಿಲ್ಲ. ಪಟ್ಟಿಯಲ್ಲಿ ಯಾರೋ ಐಪಿ ಬದಲು ಒಂದು ಹೋಸ್ಟ್‌ನೇಮ್ ಬರೆದಿದ್ದರು. ಹೋಸ್ಟ್‌ನೇಮ್ ಕೊಟ್ಟರೆ ಐಪಿಟೇಬಲ್ಸ್ ರೂಲ್ ಹಾಕುವಾಗಲೇ ಆ ಹೆಸರಿನ ಐಪಿ ಯಾವುದು ಅಂತ ಡಿಎನ್‌ಎಸ್‌ನಲ್ಲಿ ಕೇಳುತ್ತದೆ. ಮೊದಲ ಸಲ ಉತ್ತರ ಬಂದಿತ್ತು. ಈ ಸಲ ಪ್ರಶ್ನೆ ಹೊರಗೆ ಹೋಯಿತು, ಉತ್ತರದ ಪ್ಯಾಕೆಟ್ ಇನ್‌ಪುಟ್‌ನಲ್ಲಿ ಡ್ರಾಪ್ ಆಯಿತು. ಅದನ್ನು ಒಳಗೆ ಬಿಡಬೇಕಾದ ಎಸ್ಟಾಬ್ಲಿಷ್ಡ್ ರೂಲನ್ನು ನಾನೇ ಅಳಿಸಿದ್ದೆನಲ್ಲ! ಐಪಿಟೇಬಲ್ಸ್ ಎರರ್ ಕೊಟ್ಟಿತು, ಸಬ್‌ಪ್ರೊಸೆಸ್‌ಗೆ ನಾನು ಹಾಕಿದ್ದ ‘ಚೆಕ್=ಟ್ರೂ’ ಎಕ್ಸೆಪ್ಶನ್ ಎಸೆಯಿತು, ಸ್ಕ್ರಿಪ್ಟ್ ಅರ್ಧದಲ್ಲೇ ಸತ್ತಿತು.

ರೀಬೂಟ್ ಮಾಡಿದ್ದರೆ ಮುಗಿಯುತ್ತಿತ್ತು. ಡಿಸ್ಕಿನಲ್ಲಿ ಹಿಂದಿನ ಸಲ ಸೇವ್ ಆದ ಸರಿಯಾದ ರೂಲ್‌ಗಳೇ ಇದ್ದವು, ಅದರಲ್ಲಿ ಹೋಸ್ಟ್‌ನೇಮ್ ಕೂಡ ಐಪಿಯಾಗಿಯೇ ಕೂತಿತ್ತು. ಆದರೆ ಹೋಸ್ಟಿಂಗ್ ಪ್ಯಾನೆಲ್‌ನ ಪಾಸ್‌ವರ್ಡ್ ನಮ್ಮ ಸಾಹೇಬರ ಹತ್ತಿರ ಮಾತ್ರ. ಅವರು ತೀರ್ಥಹಳ್ಳಿ ಕಡೆ ಮದುವೆಗೆ ಹೋಗಿದ್ದರು, ಫೋನಿಗೆ ಸಿಗ್ನಲ್ ಇಲ್ಲ. ಸಂಜೆವರೆಗೆ ಆರ್ಡರ್ ನಿಂತಿತ್ತು. ದೊಡ್ಡ ಗಿರಾಕಿಯೊಬ್ಬರು ಆ ತಿಂಗಳೇ ಬೇರೆ ಕಡೆ ಹೋದರು.

ಹಾಗಾಗಿ ಯಾವ ಲೈಬ್ರರಿ ಅನ್ನುವ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಓಡುತ್ತಿರುವ ಫೈರ್‌ವಾಲ್‌ಗೆ ಪೈಥಾನ್ ಒಂದೊಂದೇ ರೂಲ್ ಹಾಕಬಾರದು. ಪೈಥಾನ್ ಒಂದು ಫೈಲ್ ಬರೆಯಲಿ, ಅಷ್ಟೇ ಅದರ ಕೆಲಸ. ಐಪಿಟೇಬಲ್ಸ್ ಜಾಗಕ್ಕೆ ಬಂದ ಎನ್‌ಎಫ್‌ಟೇಬಲ್ಸ್‌ನ ಕಮಾಂಡ್ ‘ಎನ್‌ಎಫ್‌ಟಿ -ಎಫ್’ (ಇಲ್ಲಿ ಸಣ್ಣಕ್ಷರದ ಎಫ್, ಅಂದರೆ ಫೈಲ್; ಅಳಿಸುವ ದೊಡ್ಡಕ್ಷರದ ಎಫ್ ಅಲ್ಲ) ಆ ಫೈಲನ್ನು ಒಂದೇ ಏಟಿಗೆ ಒಳಗೆ ಹಾಕುತ್ತದೆ. ಎಲ್ಲೋ ಒಂದು ಸಾಲು ತಪ್ಪಿದ್ದರೂ ಇಡೀ ಫೈಲ್ ವಾಪಸ್, ಹಳೆಯ ರೂಲ್‌ಗಳು ಇದ್ದಂತೆಯೇ ಇರುತ್ತವೆ. ಎನ್‌ಎಫ್‌ಟೇಬಲ್ಸ್ 2014ರಲ್ಲಿ, 3.13ನೇ ಲಿನಕ್ಸ್ ಕರ್ನಲ್‌ನಲ್ಲೇ ಬಂದಿದೆ, ಹೊಸದೇನೂ ಅಲ್ಲ. ಐಪಿಟೇಬಲ್ಸೇ ಬೇಕು ಅಂದರೆ ಐಪಿಟೇಬಲ್ಸ್-ರಿಸ್ಟೋರ್ ಕೂಡ ಒಂದು ಟೇಬಲ್ಲನ್ನು ಹೀಗೇ ಒಟ್ಟಿಗೆ ಬದಲಿಸುತ್ತದೆ.

300 ರೂಲ್ ಕೂಡ ಬೇಡ. ಒಂದು ಸೆಟ್ ಮಾಡಿ, ಐಪಿಗಳನ್ನೆಲ್ಲ ಅದರಲ್ಲಿ ತುಂಬಿ, ಆ ಸೆಟ್‌ಗೆ ಒಂದೇ ರೂಲ್ ಬರೆಯಿರಿ. ತುಂಬುವ ಮೊದಲು ಪ್ರತಿ ಸಾಲನ್ನೂ ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್‌ಗೆ ಕೊಡಿ. ಹೋಸ್ಟ್‌ನೇಮ್ ನುಸುಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಲವನ್ನೂ ಅಳಿಸುವ ‘ಫ್ಲಶ್ ರೂಲ್‌ಸೆಟ್’ ಮಾತ್ರ ಬರೆಯಬೇಡಿ, ಕಂಟೇನರ್ ಓಡಿಸುವ ಡಾಕರ್ ಇದ್ದರೆ ಅದು ಹಾಕಿಕೊಂಡ ರೂಲ್‌ಗಳೂ ಹೋಗುತ್ತವೆ. ನಿಮ್ಮದೇ ಒಂದು ಟೇಬಲ್ ಇಟ್ಟುಕೊಂಡು ಅದನ್ನಷ್ಟೇ ಅಳಿಸಿ ಬರೆಯಿರಿ.

ಪೈಥಾನ್-ಐಪಿಟೇಬಲ್ಸ್ ಬಗ್ಗೆ ಹೇಳುವುದಾದರೆ, ಅದು ಐಪಿಟೇಬಲ್ಸ್‌ನ ಹಳೆಯ ಲೈಬ್ರರಿ ಲಿಬ್‌ಐಪಿಟಿಸಿ ಮೇಲೆ ನಿಂತಿದೆ. ಡೆಬಿಯನ್ 10ರಿಂದ ಈಚೆಗೆ ಐಪಿಟೇಬಲ್ಸ್ ಕಮಾಂಡ್ ಒಳಗೆ ಬಳಸುವುದು ಎನ್‌ಎಫ್‌ಟೇಬಲ್ಸನ್ನು. ಎರಡೂ ಸೇರಿದರೆ ರೂಲ್‌ಗಳು ಎರಡು ಕಡೆ ಕೂತು, ಯಾವುದು ಯಾರನ್ನು ತಡೆಯುತ್ತಿದೆ ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಹೊಸ ಫೈಲ್ ಹಾಕುವ ಮೊದಲು ಹೇಳಿದ ಹೊತ್ತಿಗೆ ಕಮಾಂಡ್ ಓಡಿಸಬಲ್ಲ ‘ಸಿಸ್ಟಮ್‌ಡಿ-ರನ್’ನಿಂದ ಎರಡು ನಿಮಿಷಕ್ಕೆ ಹಳೆಯ ಫೈಲ್ ತಾನಾಗಿ ವಾಪಸ್ ಬರುವ ಹಾಗೆ ಟೈಮರ್ ಇಡಿ. ಆಮೇಲೆ ಬೇರೆ ಟರ್ಮಿನಲ್ ತೆಗೆದು ಹೊಸದಾಗಿ ಲಾಗಿನ್ ಆಗಿ ನೋಡಿ. ಹಳೆಯ ಸೆಷನ್ ನಡೀತಿದೆ ಅಂತ ನಂಬಬೇಡಿ. ಅದು ಎಸ್ಟಾಬ್ಲಿಷ್ಡ್ ರೂಲ್‌ನಿಂದ ನಡೆಯುತ್ತಿರುತ್ತದೆ, ಎಸ್‌ಎಸ್‌ಎಚ್ ರೂಲ್ ಸರಿಯಿದೆ ಅಂತ ಅರ್ಥವಲ್ಲ. ಲಾಗಿನ್ ಆದರೆ ಟೈಮರ್ ನಿಲ್ಲಿಸಿ.

ಇನ್ನೊಂದು. ನಿಮ್ಮ ಪ್ರಶ್ನೆಯಲ್ಲಿ ಐಪಿ6ಟೇಬಲ್ಸ್ ಹೆಸರೇ ಇಲ್ಲ. ಐಪಿಟೇಬಲ್ಸ್ ನೋಡುವುದು ಐಪಿವಿ4 ಮಾತ್ರ. ಸರ್ವರ್‌ಗೆ ಐಪಿವಿ6 ವಿಳಾಸ ಇದ್ದರೆ ಆ ಕಡೆ ಈಗ ಏನು ತೆರೆದಿದೆ ಅಂತ ಇವತ್ತೇ ನೋಡಿ. ಎನ್‌ಎಫ್‌ಟೇಬಲ್ಸ್‌ಗೆ ಬಂದರೆ ‘ಐನೆಟ್’ ಟೇಬಲ್ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ.